ಸ್ಥೌಲ್ಯ ಮತ್ತು ಮನಸ್ಸು

ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿಸ್ಥೌಲ್ಯದ ಕಾರಣಗಳಲ್ಲಿ ಅತಿಭೋಜನ, ಹಗಲುನಿದ್ರೆಗಳೊಡನೆ ನಿತ್ಯಹರ್ಷ, ನಿಶ್ಚಿಂತೆಗಳನ್ನೂ ಎಣಿಸುತ್ತದೆ. ಮುಳಗುಂದದಲ್ಲಿ ನಾನು ಕಾಣುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಬೇಸರ ಕಾಡಿದಾಗ ಕೈ ತಾನಾಗಿ ತಿಂಡಿಯ ಡಬ್ಬಿಯತ್ತ ಹೋಗುತ್ತದೆ. ನಿದ್ರೆ ಕೆಡುತ್ತದೆ, ನಡಿಗೆ ನಿಲ್ಲುತ್ತದೆ, ಮೈ ಬೆಳೆಯುತ್ತದೆ. ಆಮೇಲೆ ಜನರ ಮಾತು. ದಾಸೋಹದ ಪಂಕ್ತಿಯಲ್ಲಿ ಎಲ್ಲರೂ ತನ್ನ ತಟ್ಟೆಯನ್ನೇ ನೋಡುವರೆಂದು ಮಠಕ್ಕೆ ಬರುವುದನ್ನೇ ಬಿಟ್ಟ ತಾಯಿಯೊಬ್ಬರು ನನ್ನೆದುರು ಅತ್ತದ್ದುಂಟು.

2010ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಗ್ಗೂಡಿಸಿದ ವಿಶ್ಲೇಷಣೆಯಂತೆ ಬೊಜ್ಜಿನವರಿಗೆ ಖಿನ್ನತೆ ಬರುವ ಸಂಭವ ಶೇ. 55ರಷ್ಟು, ಖಿನ್ನರಿಗೆ ಬೊಜ್ಜು ಬರುವ ಸಂಭವ ಶೇ. 58ರಷ್ಟು ಹೆಚ್ಚು. ಆದ್ದರಿಂದ ತೂಕವನ್ನಷ್ಟೇ ನೋಡಿ ಪಥ್ಯ ಹೇಳುವುದು ಅರ್ಧ ಚಿಕಿತ್ಸೆ. ಎರಡು ವಾರ ಮೀರಿ ಮನಸ್ಸು ಕುಗ್ಗಿದ್ದರೆ ಧಾರವಾಡದ ಡಿಮ್ಹಾನ್ಸ್‌ಗೆ ಹೋಗಬೇಕು, ಇಲ್ಲವೇ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಮನೋರೋಗದ ಕೆಲವು ಔಷಧಗಳು ತೂಕವನ್ನು ಹೆಚ್ಚಿಸುವುದುಂಟು. ಆದರೂ ವೈದ್ಯರನ್ನು ಕೇಳದೆ ಅವುಗಳನ್ನು ನಿಲ್ಲಿಸಲಾಗದು.