ಜಮೈಕಾದ ಫುಟ್‌ಬಾಲ್ ಕ್ಲಬ್‌ಗಳು: ಬಡಾವಣೆಯಿಂದ ಬಡಾವಣೆಗೆ ಒಂದು ದಾರಿ

ಜಮೈಕಾ ಎಂದೊಡನೆ ನಮಗೆ ನೆನಪಾಗುವುದು ಕ್ರಿಕೆಟ್ ಮತ್ತು ಓಟಗಾರ ಉಸೇನ್ ಬೋಲ್ಟ್. ಆದರೆ ಸುಮಾರು 28 ಲಕ್ಷ ಜನಸಂಖ್ಯೆಯ ಈ ಕೆರಿಬಿಯನ್ ದ್ವೀಪರಾಷ್ಟ್ರದ ಬಡಾವಣೆಗಳಲ್ಲಿ ಜನರನ್ನು ಒಟ್ಟುಗೂಡಿಸುವ ಆಟ ಫುಟ್‌ಬಾಲ್. ಯುವಜನರ ನಡುವೆ ಸೇವೆ ಮಾಡುವವರೆಲ್ಲ ಅಲ್ಲಿನ ಕ್ಲಬ್‌ಗಳ ಕಥೆಯನ್ನು ತಿಳಿಯುವುದು ಒಳ್ಳೆಯದೆಂದು ನಮಗನಿಸುತ್ತದೆ.

ಜಮೈಕಾದ ರಾಷ್ಟ್ರೀಯ ಲೀಗ್ ಆರಂಭವಾದದ್ದು 1973ರಲ್ಲಿ. 2021ರಿಂದ ಅದಕ್ಕೆ ಜಮೈಕಾ ಪ್ರೀಮಿಯರ್ ಲೀಗ್ ಎಂದು ಹೆಸರು. 2024-25ರ ಋತುವಿನಲ್ಲಿ 14 ತಂಡಗಳು ಆಡಿದವು. ಮೊದಲ ಆರು ತಂಡಗಳು ಪ್ರಶಸ್ತಿಗಾಗಿ ಪ್ಲೇ-ಆಫ್ ಆಡಿದರೆ, ಕೊನೆಯ ಎರಡು ತಂಡಗಳು ಕೆಳಗಿನ ದರ್ಜೆಗೆ ಇಳಿದವು.

ಹಾರ್ಬರ್ ವ್ಯೂ, ವಾಟರ್‌ಹೌಸ್, ಟಿವೋಲಿ ಗಾರ್ಡನ್ಸ್, ಆರ್ನೆಟ್ ಗಾರ್ಡನ್ಸ್ ಮುಂತಾದ ಕ್ಲಬ್‌ಗಳ ಹೆಸರು ರಾಜಧಾನಿ ಕಿಂಗ್‌ಸ್ಟನ್ ಸುತ್ತಲಿನ ಬಡಾವಣೆಗಳ ಹೆಸರೇ ಆಗಿದೆ. ಇದನ್ನು ಅರ್ಥ ಮಾಡಿಕೊಳ್ಳಲು ಅಲ್ಲಿನ ರಾಜಕೀಯವನ್ನು ಸ್ವಲ್ಪ ತಿಳಿಯಬೇಕು. 1960 ಮತ್ತು 70ರ ದಶಕಗಳಲ್ಲಿ ಎರಡು ದೊಡ್ಡ ಪಕ್ಷಗಳು ತಮ್ಮ ಬೆಂಬಲಿಗರಿಗೆ ಮನೆಗಳನ್ನು ಕಟ್ಟಿಸಿಕೊಟ್ಟವು. ಹೀಗೆ ಇಡೀ ಬಡಾವಣೆಯೇ ಒಂದು ಪಕ್ಷದ ಕೋಟೆಯಾಯಿತು. ಟಿವೋಲಿ ಗಾರ್ಡನ್ಸ್ ಒಂದು ಪಕ್ಷದ್ದು, ಆರ್ನೆಟ್ ಗಾರ್ಡನ್ಸ್ ಇನ್ನೊಂದರದ್ದು. ಒಂದು ಕಡೆಯ ಯುವಕ ಇನ್ನೊಂದು ಕಡೆಗೆ ಕಾಲಿಡಲು ಹೆದರುವ ಕಾಲ ಬಂತು. 1980ರ ಚುನಾವಣಾ ವರ್ಷದಲ್ಲಿ ಸುಮಾರು 800 ಮಂದಿ ಕೊಲೆಯಾದರು.

ಎರಡು ಕ್ಲಬ್‌ಗಳ ಕ್ರೀಡಾಂಗಣಗಳಿಗೂ ಆಯಾ ಪಕ್ಷದ ನಾಯಕರ ಹೆಸರೇ ಇದೆ: ಟಿವೋಲಿಯಲ್ಲಿ ಮಾಜಿ ಪ್ರಧಾನಿ ಎಡ್ವರ್ಡ್ ಸಿಯಾಗಾ, ಆರ್ನೆಟ್‌ನಲ್ಲಿ ಮಾಜಿ ವಸತಿ ಸಚಿವ ಆಂಟನಿ ಸ್ಪಾಲ್ಡಿಂಗ್. ಆದರೆ ಲೀಗಿನ ವೇಳಾಪಟ್ಟಿ ಪಕ್ಷವನ್ನು ನೋಡುವುದಿಲ್ಲ. ಈ ಬಡಾವಣೆಯ ಹುಡುಗರು ಆ ಬಡಾವಣೆಯ ಮೈದಾನಕ್ಕೆ ಹೋಗಲೇಬೇಕು, ಅವರು ಇವರಲ್ಲಿಗೆ ಬರಲೇಬೇಕು. ನಿಯಮ ಇಬ್ಬರಿಗೂ ಒಂದೇ.

ಈ ಕೆಲಸವನ್ನು ಮೊದಲೇ ಆರಂಭಿಸಿದವರೊಬ್ಬರನ್ನು ಇಲ್ಲಿ ನೆನೆಯಬೇಕು. ಮೆಥಡಿಸ್ಟ್ ಸಭೆಯ ರೆವೆರೆಂಡ್ ಹ್ಯೂ ಶೆರ್ಲಾಕ್ 1940ರಲ್ಲಿ ಕಿಂಗ್‌ಸ್ಟನ್‌ನ ಬಡ ಪ್ರದೇಶವಾದ ಟ್ರೆಂಚ್ ಟೌನ್‌ನಲ್ಲಿ ಬಾಯ್ಸ್ ಟೌನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಶಿಕ್ಷಣ, ಶಿಸ್ತು, ಆಟ ಮೂರೂ ಅಲ್ಲಿ ಜೊತೆಜೊತೆಗೆ ಸಾಗಿದವು. ಅದರ ಫುಟ್‌ಬಾಲ್ ತಂಡ ರಾಷ್ಟ್ರೀಯ ಲೀಗ್ ಗೆದ್ದಿತು. 1958-59ರಲ್ಲಿ ಭಾರತಕ್ಕೆ ಬಂದಿದ್ದ ವೆಸ್ಟ್ ಇಂಡೀಸ್ ಕ್ರಿಕೆಟಿಗ ಕಾಲಿ ಸ್ಮಿತ್ ಕೂಡ ಅಲ್ಲಿ ಬೆಳೆದವರೇ. ಜಮೈಕಾದ ರಾಷ್ಟ್ರಗೀತೆಯ ಪದಗಳನ್ನು ಬರೆದವರೂ ಇದೇ ಶೆರ್ಲಾಕ್.

ಕ್ಲಬ್‌ಗಳ ದುಡಿಮೆಗೆ ಫಲ ಸಿಕ್ಕಿದೆ. 1998ರಲ್ಲಿ ಜಮೈಕಾ ಮೊದಲ ಬಾರಿಗೆ ವಿಶ್ವಕಪ್ ಆಡಿ ಜಪಾನನ್ನು 2-1ರಿಂದ ಸೋಲಿಸಿತು. ಎರಡೂ ಗೋಲು ಹೊಡೆದ ಥಿಯೊಡೋರ್ ವಿಟ್ಮೋರ್ ಮಾಂಟೆಗೋ ಬೇಯ ಸೀಬಾ ಯುನೈಟೆಡ್ ಕ್ಲಬ್ಬಿನಲ್ಲಿ ಆಡಿದವರು. 2025ರ ಮಾರ್ಚ್‌ನಲ್ಲಿ ಕಿಂಗ್‌ಸ್ಟನ್‌ನ ಕ್ಯಾವಲಿಯರ್ ಕ್ಲಬ್ ತನ್ನ ಊರಿನಲ್ಲೇ ಲಿಯೊನೆಲ್ ಮೆಸ್ಸಿಯ ಇಂಟರ್ ಮಯಾಮಿ ತಂಡವನ್ನು ಎದುರಿಸಿತು. ಪಂದ್ಯ ಸೋತರೂ ಊರಿಗೆ ಅದು ಹಬ್ಬವಾಗಿತ್ತು.

ಹಾಗೆಂದು ಫುಟ್‌ಬಾಲ್ ಎಲ್ಲವನ್ನೂ ಸರಿಪಡಿಸಿತು ಎನ್ನಲಾಗದು. 2010ರ ಮೇ ತಿಂಗಳಲ್ಲಿ ಟಿವೋಲಿ ಗಾರ್ಡನ್ಸ್‌ನಲ್ಲಿ ಪೊಲೀಸರು ಮತ್ತು ಸೈನಿಕರು ನಡೆಸಿದ ಕಾರ್ಯಾಚರಣೆಯಲ್ಲಿ ಸುಮಾರು 70 ನಾಗರಿಕರು ಪ್ರಾಣ ಕಳೆದುಕೊಂಡರು. ಅದೇ ಬಡಾವಣೆಯ ತಂಡ ಮರುವರ್ಷ, 2011ರಲ್ಲಿ, ರಾಷ್ಟ್ರೀಯ ಲೀಗ್ ಗೆದ್ದಿತು. ಕಪ್ ಸತ್ತವರನ್ನು ಮರಳಿ ತರಲಿಲ್ಲ. ಆದರೆ ಹಿಂಸೆಯ ಸುದ್ದಿಯಲ್ಲಷ್ಟೇ ಕೇಳಿಬಂದಿದ್ದ ಬಡಾವಣೆಯ ಹೆಸರನ್ನು ದೇಶ ಈ ಬಾರಿ ಗೌರವದಿಂದ ಹೇಳಿತು.

ಮೈದಾನವೊಂದನ್ನು ಉಳಿಸಿಕೊಂಡು, ಹುಡುಗರಿಗೆ ಚೆಂಡನ್ನೂ ಶಿಸ್ತನ್ನೂ ಒಟ್ಟಿಗೆ ಕೊಡುವುದು ಚಿಕ್ಕ ಕೆಲಸವೆಂದು ನಾವು ಭಾವಿಸದಿರೋಣ.