ಲೆಸ್ಟರಿನ ತೋಟವೂ ಕಣಜಗಳ ಲೆಕ್ಕವೂ

ಇಂಗ್ಲೆಂಡಿನ ಮಧ್ಯಭಾಗದಲ್ಲಿರುವ ಲೆಸ್ಟರ್ ನಗರದ ಬಡಾವಣೆಯೊಂದರಲ್ಲಿ, ಹುಲ್ಲುಹಾಸು, ಹೂವಿನ ಪಾತಿ, ಒಂದಿಷ್ಟು ತರಕಾರಿ ಇಷ್ಟನ್ನೇ ಉಳ್ಳ, ಒಟ್ಟು 741 ಚದರ ಮೀಟರು ವಿಸ್ತೀರ್ಣದ, ಯಾವ ದೃಷ್ಟಿಯಿಂದಲೂ ಅಸಾಧಾರಣವೆನ್ನಲಾಗದ ಒಂದು ಮನೆಯ ತೋಟದಲ್ಲಿ, 1972ನೆಯ ಇಸವಿಯಿಂದ 2001ನೆಯ ಇಸವಿಯವರೆಗೆ, ಜೆನಿಫರ್ ಓವೆನ್ ಎಂಬ ಪ್ರಾಣಿಶಾಸ್ತ್ರಜ್ಞೆ ತಮ್ಮ ಕಣ್ಣಿಗೆ ಬಿದ್ದ, ಬಲೆಗೆ ಸಿಕ್ಕಿದ ಜೀವಿಗಳನ್ನು ಹೆಸರು ಹಿಡಿದು ಬರೆದಿಡುತ್ತ ಬಂದರು. ಮೂವತ್ತು ವರ್ಷಗಳ ಆ ಲೆಕ್ಕ ಮುಗಿದಾಗ ಸಸ್ಯ ಪ್ರಾಣಿಗಳೆಲ್ಲ ಸೇರಿ 2,673 ಪ್ರಭೇದಗಳಾಗಿದ್ದವು. ಅವುಗಳಲ್ಲಿ ಹತ್ತಿರ ಹತ್ತಿರ 2,000 ಕೀಟಗಳೇ. ಇಷ್ಟಕ್ಕೆ ಬೆರಗಾಗಿ ಓದುತ್ತ ಹೋದವನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಬೇರೊಂದು ಸಂಗತಿ. ಮೊದಲ ಮೂರು ವರ್ಷಗಳಲ್ಲಿಯೇ ಆ ತೋಟದಲ್ಲಿ ಇಕ್ನ್ಯೂಮನ್ ಕುಟುಂಬವೊಂದಕ್ಕೇ ಸೇರಿದ ಪರೋಪಜೀವಿ ಕಣಜಗಳ 533 ಪ್ರಭೇದಗಳು ದೊರೆತವು. ಅವುಗಳಲ್ಲಿ 15 ಬ್ರಿಟನ್ನಿನಲ್ಲಿ ಉಂಟೆಂದು ಅದುವರೆಗೆ ಯಾರೂ ಅರಿಯದವು, 4 ಪ್ರಪಂಚದ ಯಾವ ಗ್ರಂಥದಲ್ಲಿಯೂ ಹೆಸರು ಪಡೆಯದವು. ಚಿಟ್ಟೆಯ ರೆಕ್ಕೆಯ ಒಂದೊಂದು ಚುಕ್ಕೆಗೂ ಚರಿತ್ರೆ ಬರೆದಿರುವ ಆ ದ್ವೀಪದಲ್ಲಿ, ಅದೂ ಬಸ್ಸು ಲಾರಿಗಳು ಓಡಾಡುವ ಪಟ್ಟಣದಲ್ಲಿ, ಇದು ಸಂಭವಿಸಿದುದು ಹೇಗೆ?

ಮೊದಲು ಈ ಪ್ರಾಣಿಯ ಪರಿಚಯವನ್ನು ಸಂಕ್ಷೇಪವಾಗಿ ಮಾಡಿಕೊಡಬೇಕು. ಕಣಜವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಸೂರಿನ ಕೆಳಗೆ ಗೂಡು ಕಟ್ಟಿ, ಕೆಣಕಿದವರನ್ನು ಕುಟುಕುವ ಹುಳು. ಪರೋಪಜೀವಿ ಕಣಜಗಳು ಗೂಡು ಕಟ್ಟುವುದಿಲ್ಲ, ಸಂಸಾರ ಹೂಡುವುದಿಲ್ಲ. ತಾಯಿಯಾದದ್ದು ಮತ್ತೊಂದು ಕೀಟದ ಮೊಟ್ಟೆಯ ಮೇಲೋ, ಕಂಬಳಿಹುಳುವಿನ ಒಡಲಿನೊಳಗೋ, ಮರದೊಳಗೆ ಹುದುಗಿದ ಮರಿಹುಳುವಿನ ಮೇಲೋ ತನ್ನ ಮೊಟ್ಟೆಯನ್ನಿಟ್ಟು ಹಾರಿಹೋಗುತ್ತದೆ, ಒಡೆದು ಬಂದ ಮರಿ ಆ ಆಶ್ರಯದಾತನನ್ನು ತಿಂದೇ ಬೆಳೆದು, ಕಡೆಗೆ ಅದನ್ನು ಕೊಂದು ಹೊರಬರುತ್ತದೆ. ಚಾರ್ಲ್ಸ್ ಡಾರ್ವಿನ್ನರು 1860ರಲ್ಲಿ ಅಮೆರಿಕದ ತಮ್ಮ ಮಿತ್ರರಿಗೆ ಬರೆದ ಪತ್ರದಲ್ಲಿ, ದಯಾಮಯನಾದ ಸೃಷ್ಟಿಕರ್ತನ ಕಲ್ಪನೆಗೆ ಸಮ್ಮತಿಸಲು ತಮಗಿರುವ ಸಂಕೋಚಕ್ಕೆ ನಿದರ್ಶನವಾಗಿ ಎತ್ತಿಕೊಂಡದ್ದು ಈ ಕಣಜವನ್ನೇ. ನಿಂದೆಗೆ ಗುರಿಯಾದ ಈ ಕುಲದ ವಿಸ್ತಾರವಾದರೋ ಅಪಾರ: ಬ್ರಿಟನ್ನಿನಲ್ಲಿ ನೆಲೆಸಿರುವ ಚಿಟ್ಟೆಗಳ ಪ್ರಭೇದಗಳು ಅರವತ್ತನ್ನು ಮುಟ್ಟುವುದಿಲ್ಲ; ಬ್ರಿಟನ್ ಮತ್ತು ಐರ್ಲೆಂಡುಗಳ 2016ರ ಪಟ್ಟಿಯಲ್ಲಿ ಇಕ್ನ್ಯೂಮನ್ ಕುಟುಂಬದ ಪ್ರಭೇದಗಳೇ 2,400ನ್ನು ದಾಟಿವೆ, ಬ್ರಕಾನಿಡ್ ಎಂಬ ಸೋದರ ಕುಟುಂಬದವು 1,300ನ್ನು ಮೀರಿವೆ.

ಓವೆನ್ ಅವರ ತೋಟದ ಮುಖ್ಯ ಸಲಕರಣೆ ಒಂದು ಡೇರೆ. ಸ್ವೀಡನ್ನಿನ ಕೀಟವಿಜ್ಞಾನಿ ರೆನೆ ಮಲೇಸ್ ಸಂಚಾರದಲ್ಲಿ ತಂಗಿದ್ದ ಗುಡಾರದೊಳಕ್ಕೆ ನುಗ್ಗಿದ ಹುಳುಗಳು ಹೊರದಾರಿ ಕಾಣದೆ ಮೇಲಕ್ಕೇ ತೆವಳಿ ಹೋಗಿ ನೆತ್ತಿಯ ಮೂಲೆಯಲ್ಲಿ ಗುಂಪುಗೂಡುವುದನ್ನು ಗಮನಿಸಿ, ಆ ಮೂಲೆಗೊಂದು ಸೀಸೆಯನ್ನು ಜೋಡಿಸಿಬಿಟ್ಟರೆ ಸಾಕಲ್ಲವೆ ಎಂದು ಯೋಚಿಸಿದರಂತೆ. 1937ರಲ್ಲಿ ಅವರು ಪ್ರಕಟಿಸಿದ ಆ ವಿನ್ಯಾಸವೇ ಇಂದು ಜಗತ್ತಿನಾದ್ಯಂತ ಮಲೇಸ್ ಬಲೆಯೆಂದು ಪ್ರಸಿದ್ಧವಾಗಿದೆ. ನಡುವೆ ಜಾಲರಿಯ ಒಂದು ಗೋಡೆ, ಮೇಲೆ ಇಳಿಜಾರಾದ ಮಾಡು, ತುದಿಯಲ್ಲಿ ಮದ್ಯಸಾರದ ಸೀಸೆ. ಇದು ಹುಳುವನ್ನು ಕರೆಯುವುದೂ ಇಲ್ಲ, ಅಟ್ಟಿಸಿಕೊಂಡು ಹೋಗುವುದೂ ಇಲ್ಲ. ದಾರಿಯಲ್ಲಿ ಹಾಯ್ದುಹೋಗುವುದನ್ನು ತಡೆದು ಹಿಡಿಯುತ್ತದೆ, ಅಷ್ಟೆ. ಏಪ್ರಿಲಿನಿಂದ ಅಕ್ಟೋಬರಿನವರೆಗೆ ವರ್ಷವರ್ಷವೂ ಅದನ್ನು ತೋಟದ ಅದೇ ಜಾಗದಲ್ಲಿ ನಿಲ್ಲಿಸಿ, ಸೀಸೆಯನ್ನು ಬಿಡದೆ ಬದಲಾಯಿಸಿ, ಸಿಕ್ಕಿದ್ದನ್ನು ಜಾತಿವಾರು ವಿಂಗಡಿಸಿ ಎಣಿಸುವುದೆಂದರೆ, ಆಕಳನ್ನು ಕಟ್ಟಿಕೊಂಡವರಿಗೆ ಹಾಲು ಕರೆಯುವ ಹೊತ್ತು ತಪ್ಪದಿರುವಂತೆ, ಪರಸ್ಥಳಕ್ಕೆ ಹೋಗುವ ಸ್ವಾತಂತ್ರ್ಯವನ್ನು ಒತ್ತೆಯಿಟ್ಟ ಹಾಗೆಯೇ ಸರಿ. ಓವೆನ್ ಅವರಿಗೆ ನರವ್ಯೂಹವನ್ನು ಕ್ರಮೇಣ ಶಿಥಿಲಗೊಳಿಸುವ ವ್ಯಾಧಿಯೊಂದು ತಗಲಿ, ಬರಬರುತ್ತ ಗಾಲಿಕುರ್ಚಿಯ ಆಶ್ರಯ ಅನಿವಾರ್ಯವಾದರೂ ಲೆಕ್ಕ ನಿಲ್ಲಲಿಲ್ಲ. ತೋಟಕ್ಕೆ ಕೀಟನಾಶಕವನ್ನು ಸಿಂಪಡಿಸಲಿಲ್ಲವೆಂಬುದನ್ನು ಬಿಟ್ಟರೆ ವನ್ಯಜೀವಿಗಳಿಗಾಗಿ ಅವರು ವಿಶೇಷವಾಗಿ ಏನನ್ನೂ ಏರ್ಪಡಿಸಿರಲಿಲ್ಲ. ಸಾಧಾರಣ ತೋಟವೊಂದರಲ್ಲಿ ಸಾಧಾರಣವಾಗಿ ಏನಿರುತ್ತದೆಂದು ನೋಡುವುದೇ ಉದ್ದೇಶವಾಗಿತ್ತು.

ಹಿಡಿಯುವುದು ಒಂದು ವಿದ್ಯೆಯಾದರೆ ಗುರುತಿಸುವುದು ಇನ್ನೊಂದು. ಒಂದೇ ಕಪ್ಪು ಮೈ, ಒಂದೇ ಕೆಂಗಾಲು ಉಳ್ಳ ನೂರಾರು ಪ್ರಭೇದಗಳನ್ನು ರೆಕ್ಕೆಯ ನರದ ಒಂದು ತಿರುವಿನಿಂದಲೋ ಉಗುರಿನ ಹಲ್ಲಿನಿಂದಲೋ ಬೇರ್ಪಡಿಸಬಲ್ಲವರು ಪ್ರಪಂಚದಲ್ಲಿಯೇ ವಿರಳ. ಲೆಸ್ಟರಿನ ಕಣಜಗಳಿಗೆ ಅಂಥವರು ದೊರೆತದ್ದು ಅಮೆರಿಕದಲ್ಲಿ: ಹೆನ್ರಿ ಟೌನ್ಸ್ ಮತ್ತು ಮಾರ್ಜರಿ ಟೌನ್ಸ್ ದಂಪತಿಗಳು ಅವನ್ನು ಪರಿಶೀಲಿಸಿಕೊಟ್ಟರು, ಮೂವರ ಹೆಸರಿನಲ್ಲಿ 1981ರಲ್ಲಿ ಪ್ರಬಂಧ ಹೊರಬಂದಿತು. ಆ ಪರಿಣತರ ಕೈ ಸೇರದೆ ಹೋಗಿದ್ದರೆ 533 ಎಂಬ ಸಂಖ್ಯೆಯೇ ಹುಟ್ಟುತ್ತಿರಲಿಲ್ಲ. ಸೀಸೆಗಳು ಕಪಾಟಿನಲ್ಲಿ ಉಳಿಯುತ್ತಿದ್ದವು. ಇದಕ್ಕೆ ಮುಂಚೆಯೇ, 1974ರಲ್ಲಿ, ಓವೆನ್ ಮತ್ತು ಅವರ ಪತಿ ಡೆನಿಸ್ ಓವೆನ್ ಇನ್ನೊಂದು ವಿಚಿತ್ರವನ್ನು ಪ್ರಕಟಿಸಿದ್ದರು. ಇಬ್ಬರೂ ಹಿಂದೆ ಉಗಾಂಡದಲ್ಲಿಯೂ ಸಿಯೆರಾ ಲಿಯೋನಿನಲ್ಲಿಯೂ ಇದ್ದವರು. ಅಲ್ಲಿಯ ಬಲೆಗಳ ಫಲವನ್ನು ಲೆಸ್ಟರಿನದರೊಡನೆ ತೂಗಿ ನೋಡಿದಾಗ, ಉಷ್ಣವಲಯಕ್ಕೆ ಇಳಿದಷ್ಟೂ ಜೀವವೈವಿಧ್ಯ ಹೆಚ್ಚುತ್ತದೆಂಬ ಸರ್ವಸಮ್ಮತ ನಿಯಮ ಈ ಕಣಜಗಳಲ್ಲಿ ಕಾಣಲಿಲ್ಲ. ಏಕೆಂಬುದರ ಬಗ್ಗೆ ವಿದ್ವಾಂಸರು ಇಂದಿಗೂ ವಾದಿಸುತ್ತಿದ್ದಾರೆ.

ಈ ಸಂಗ್ರಹಕಾರ್ಯದ ಪೂರ್ವೇತಿಹಾಸವನ್ನು ಒಂದೆರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಎಲೆಕೋಸಿನ ಬಿಳಿಚಿಟ್ಟೆಯ ಕಂಬಳಿಹುಳುವಿನಿಂದ ಚಿಟ್ಟೆಯಾಗದೆ ಪುಟ್ಟ ಹುಳುಗಳು ಹೊರಬಿದ್ದು ರೇಷ್ಮೆ ನೇಯ್ದುಕೊಳ್ಳುವುದನ್ನು ಹದಿನೇಳನೆಯ ಶತಮಾನದಲ್ಲಿ ಜಾನ್ ರೇ ಕಂಡು ಬರೆದಿಟ್ಟರು. ಹತ್ತೊಂಬತ್ತನೆಯ ಶತಮಾನದಲ್ಲಿ ಐರ್ಲೆಂಡಿನ ಹ್ಯಾಲಿಡೆ, ಲಂಡನ್ನಿನ ಫ್ರಾನ್ಸಿಸ್ ವಾಕರ್ ಸಾಸಿವೆಗಿಂತ ಸಣ್ಣ ಕಣಜಗಳಿಗೆಲ್ಲ ಹೆಸರಿಟ್ಟರು. ವಾಕರ್ ಮುಂದೆ ಸಿಕ್ಕ ಸಿಕ್ಕ ಕೀಟಗಳಿಗೆಲ್ಲ ಅವಸರದಲ್ಲಿ ಹೆಸರಿಡುತ್ತ ಹೋಗಿ ಎಷ್ಟು ಗೊಂದಲವನ್ನುಂಟುಮಾಡಿದರೆಂದರೆ, 1874ರಲ್ಲಿ ಅವರು ತೀರಿಕೊಂಡಾಗ ಒಂದು ಪತ್ರಿಕೆಯ ಮರಣವಾರ್ತೆಯೇ, ಅವರ ಕೀರ್ತಿಯ ದೃಷ್ಟಿಯಿಂದ ಈ ಮೃತ್ಯು ಇಪ್ಪತ್ತು ವರ್ಷ ತಡವಾಗಿ ಬಂದಿತೆಂಬ ಅರ್ಥ ಬರುವಂತೆ ಬರೆಯಿತು! ಸಫಕ್ ಪ್ರಾಂತದ ಮಂಕ್ ಸೋಹಮ್ ಎಂಬ ಹಳ್ಳಿಯಲ್ಲಿ ನೆಲೆಸಿದ್ದ ಕ್ಲಾಡ್ ಮಾರ್ಲೆಯವರು 1903ರಿಂದ 1914ರವರೆಗೆ ಐದು ಸಂಪುಟಗಳಲ್ಲಿ ಬ್ರಿಟನ್ನಿನ ಇಕ್ನ್ಯೂಮನ್‌ಗಳನ್ನು ವರ್ಣಿಸಿದರು. 1913ರಲ್ಲಿ ಹೊರಬಂದ, ನಮ್ಮ ದೇಶದ ಪ್ರಾಣಿಸಂಪತ್ತನ್ನು ಕುರಿತ ಗ್ರಂಥಮಾಲೆಯ ಇಕ್ನ್ಯೂಮನ್ ಸಂಪುಟವೂ ಅವರ ಲೇಖನಿಯದೇ. ಅವರ ಸಂಗ್ರಹ ಇಪ್ಸ್‌ವಿಚ್ ವಸ್ತುಸಂಗ್ರಹಾಲಯದಲ್ಲಿದೆ.

ಸಂಗ್ರಹದ ಪ್ರಾಣವಿರುವುದು ಕಣಜದಲ್ಲಲ್ಲ, ಅದನ್ನು ಚುಚ್ಚಿದ ಗುಂಡುಸೂಜಿಯಲ್ಲೇ ಪೋಣಿಸಿರುವ ಬೆರಳುಗುರಿನಷ್ಟು ಅಗಲದ ಚೀಟಿಯಲ್ಲಿ. ಸ್ಥಳ, ದಿನಾಂಕ, ಹಿಡಿದವರ ಹೆಸರು, ಭೂಪಟದ ಚೌಕದ ಸಂಖ್ಯೆ ಇವಿಲ್ಲದ ಕಣಜ ಎಷ್ಟೇ ಅಪೂರ್ವವಾಗಿರಲಿ, ದಾಖಲೆಯೆನಿಸಿಕೊಳ್ಳಲಾರದು. ಸರಕಾರಗಳು ಜಿಲ್ಲೆಗಳ ಗಡಿಯನ್ನು ಆಗಾಗ ತಿದ್ದುವುದರಿಂದ, 1852ರಲ್ಲಿ ಸಸ್ಯಶಾಸ್ತ್ರಜ್ಞ ವಾಟ್ಸನ್ ಗ್ರೇಟ್ ಬ್ರಿಟನ್ನನ್ನು 112 ಭಾಗಗಳಾಗಿ ವಿಂಗಡಿಸಿಟ್ಟ ಏರ್ಪಾಡನ್ನೇ ಅಲ್ಲಿಯ ನಿಸರ್ಗಪ್ರಿಯರು ಇಂದಿಗೂ ಅನುಸರಿಸುತ್ತಾರೆ. ಹೀಗಾಗಿ ಮಾರ್ಲೆಯವರ ಕಾಲದ ಚೀಟಿಯನ್ನೂ ನಿನ್ನೆಯ ಚೀಟಿಯನ್ನೂ ಒಂದೇ ಅಳತೆಗೋಲಿನಿಂದ ಅಳೆಯಬಹುದು. ಇಂಥ ದಾಖಲೆಗಳನ್ನು ಒಟ್ಟುಗೂಡಿಸುವ ರಾಷ್ಟ್ರೀಯ ಕೇಂದ್ರ 1964ರಲ್ಲಿ ಮಂಕ್ಸ್ ವುಡ್ ಎಂಬಲ್ಲಿ ಆರಂಭವಾಯಿತು. ಹತ್ತು ಕಿಲೋಮೀಟರಿನ ಚೌಕಕ್ಕೊಂದು ಚುಕ್ಕೆಯಂತೆ ಅಲ್ಲಿಂದ ಹೊರಬಂದ ಭೂಪಟಗಳು ಚಿಟ್ಟೆ, ಪಕ್ಷಿ, ಸಸ್ಯಗಳ ವಿಷಯದಲ್ಲಿ ಕಪ್ಪಗೆ ತುಂಬಿಕೊಂಡಿವೆ. ಜೇನು, ಇರುವೆ, ಕುಟುಕುವ ಕಣಜಗಳಿಗೂ ಅವುಗಳದೇ ಆದ ಸಂಘವಿದೆ. ಪರೋಪಜೀವಿಗಳ ಭೂಪಟವನ್ನು ಬಿಡಿಸಿದರೆ ಮಾತ್ರ ಅಲ್ಲೊಂದು ಇಲ್ಲೊಂದು ಚುಕ್ಕೆ. ಅವು ಕಣಜ ಎಲ್ಲಿದೆ ಎಂಬುದನ್ನಲ್ಲದೆ, ಕಣಜವನ್ನು ಗುರುತಿಸಬಲ್ಲವರು ಎಲ್ಲಿ ವಾಸವಾಗಿದ್ದರು, ರಜೆಗೆ ಎಲ್ಲಿಗೆ ಹೋದರು ಎಂಬುದನ್ನೂ ಹೇಳುತ್ತವೆ. ಲೆಸ್ಟರಿನ ತೋಟದಲ್ಲಿ ಐದು ನೂರಕ್ಕೂ ಮಿಕ್ಕಿ ಇದ್ದವೆಂದ ಮೇಲೆ ಪಕ್ಕದ ಊರಿನಲ್ಲಿ ಇರಲಿಲ್ಲವೆಂದು ನಂಬುವವರಾರು? ಅಲ್ಲಿ ಡೇರೆಯಿರಲಿಲ್ಲ.

ಇರುವ ಚುಕ್ಕೆಗಳಾದರೂ ನಂಬತಕ್ಕವೆ ಎಂದರೆ ಅದೂ ಸಂದೇಹ. ರಾತ್ರಿ ಪತಂಗಗಳಿಗಾಗಿ ಹಚ್ಚಿಟ್ಟ ದೀಪಕ್ಕೆ ಬರುವ, ಕಿತ್ತಳೆ ಬಣ್ಣದ ನೀಳ ದೇಹದ ಓಫಿಯಾನ್ ಎಂಬ ಕಣಜ ಆ ದೇಶದ ಪತಂಗಪ್ರಿಯರಿಗೆಲ್ಲ ಸುಪರಿಚಿತ; ಬಹುಕಾಲ ಅವರು ಅಂಥ ಎಲ್ಲವನ್ನೂ ಓಫಿಯಾನ್ ಲೂಟಿಯಸ್ ಎಂಬ ಒಂದೇ ಹೆಸರಿನಲ್ಲಿ ಬರೆದಿಟ್ಟರು. ಆ ಒಂದು ಹೆಸರಿನ ಮರೆಯಲ್ಲಿ ಹಲವು ಪ್ರಭೇದಗಳಿದ್ದುವೆಂದು ಆಮೇಲೆ ತಿಳಿಯಿತು. ಕಣಜವನ್ನೇ ಉಳಿಸಿಕೊಂಡವರ ದಾಖಲೆಯನ್ನು ಪುನಃ ಪರೀಕ್ಷಿಸಿ ತಿದ್ದಬಹುದಾಯಿತು; ಹೆಸರನ್ನು ಮಾತ್ರ ಬರೆದು ಹುಳುವನ್ನು ಹಾರಬಿಟ್ಟವರ ದಾಖಲೆ ನಿರುಪಯುಕ್ತವಾಯಿತು. ಜೀವವನ್ನು ತೆಗೆಯದಿರುವ ಕರುಣೆಗೂ ಜ್ಞಾನದ ನಿಷ್ಠುರತೆಗೂ ಇಲ್ಲಿ ಒಂದು ವ್ಯಾಜ್ಯವುಂಟು. ನಾನು ತೀರ್ಪು ಹೇಳಬೇಕಾದರೆ ಸಂಗ್ರಾಹಕನ ಪರವಾಗಿಯೇ ಹೇಳುತ್ತೇನೆ.

ಎಲ್ಲಕ್ಕಿಂತ ಬೆಲೆಯುಳ್ಳದ್ದು ಸಾಕಿ ಪಡೆದ ದಾಖಲೆ. ಎಡಿನ್‌ಬರೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಮಾರ್ಕ್ ಶಾ ದಶಕಗಳಿಂದ ಇದನ್ನೇ ಸಾರುತ್ತ, ಪತಂಗ ಸಾಕುವ ಹವ್ಯಾಸಿಗಳಿಂದ, ಅವರು ವಿಫಲವಾಯಿತೆಂದು ಎಸೆಯುತ್ತಿದ್ದ ಹುಳುಗಳನ್ನೇ ಬೇಡಿ ತರಿಸಿಕೊಂಡು ಅಪೂರ್ವವಾದ ಸಂಗ್ರಹವನ್ನು ಕಟ್ಟಿದ್ದಾರೆ. ಅವರ ವಿಧಿ ಕಟ್ಟುನಿಟ್ಟಿನದು: ಒಂದು ಕೊಳವೆಯಲ್ಲಿ ಒಂದೇ ಕಂಬಳಿಹುಳು; ಅದು ಸತ್ತರೆ ಅದರ ಒಣಚರ್ಮವನ್ನೂ ಕಣಜ ಬಿಟ್ಟುಹೋದ ಗೂಡನ್ನೂ ಕಣಜದ ಜೊತೆಗೇ ಇಡಬೇಕು. ಹಲವು ಹುಳುಗಳನ್ನು ಒಂದು ಡಬ್ಬಿಗೆ ತುಂಬಿ ಮೇಲೊಂದು ಸೊಪ್ಪಿನ ಕಟ್ಟು ಹಾಕಿದರೆ, ಆ ಎಲೆಯ ಪದರದೊಳಗೆ ಅಡಗಿದ್ದ ಬೇರಾವುದೋ ಮರಿಯಿಂದ ಹೊರಟ ಕಣಜ ಕಂಬಳಿಹುಳುವಿನ ಖಾತೆಗೆ ಜಮೆಯಾಗುತ್ತದೆ; ಹಳೆಯ ಗ್ರಂಥಗಳಲ್ಲಿ ಇಂಥ ತಪ್ಪು ಲೆಕ್ಕಗಳು ಲೆಕ್ಕವಿಲ್ಲದಷ್ಟಿವೆ. ಸರಿಯಾದ ಲೆಕ್ಕದಿಂದ ಏನು ತಿಳಿದೀತೆಂಬುದಕ್ಕೆ ಹಾಲಿ ಬ್ಲೂ ಎಂಬ ಪುಟ್ಟ ನೀಲಿ ಚಿಟ್ಟೆಯೇ ಸಾಕ್ಷಿ. ಕೆಲವು ವರ್ಷ ಇಂಗ್ಲೆಂಡಿನ ತೋಟಗಳಲ್ಲೆಲ್ಲ ತುಂಬಿ, ಆಮೇಲೆ ಹಠಾತ್ತನೆ ವಿರಳವಾಗುವ ಅದರ ಏರಿಳಿತಕ್ಕೆ ಹವೆಯೊಂದನ್ನೇ ದೂರುವಂತಿಲ್ಲ. ಲಿಸ್ಟ್ರೋಡ್ರೋಮಸ್ ಎಂಬ, ಆ ದ್ವೀಪದಲ್ಲಿ ಆ ಚಿಟ್ಟೆಯನ್ನೇ ನಂಬಿ ಬದುಕುವ ಇಕ್ನ್ಯೂಮನ್ ಕಣಜವೂ ಅದಕ್ಕೆ ಕಾರಣವೆಂದು ಬಹುಮಂದಿ ಎಣಿಸುತ್ತಾರೆ.

ಇದೆಲ್ಲ ವಿರಾಮವುಳ್ಳವರ ವಿನೋದವೆಂದು ತಳ್ಳಿಹಾಕುವವರಿಗೆ ಒಂದು ಉತ್ತರವುಂಟು. 1926ರಲ್ಲಿ ಹರ್ಟ್‌ಫರ್ಡ್‌ಷೈರಿನ ಎಲ್‌ಸ್ಟ್ರೀಯಲ್ಲಿ ಟೊಮೇಟೊ ಬೆಳೆಗಾರನೊಬ್ಬ ತನ್ನ ಗಿಡದ ಬಿಳಿನೊಣದ ಮರಿಗಳಲ್ಲಿ ಕೆಲವು ಕಪ್ಪಾಗಿರುವುದನ್ನು ಕಂಡು ವಿಚಾರಿಸಿದ. ಎನ್‌ಕಾರ್ಸಿಯ ಎಂಬ ಕಣಜ ಅವುಗಳೊಳಗಿತ್ತು. ಚೆಸ್‌ಹಂಟಿನ ಸಂಶೋಧನಾಲಯ ಅದನ್ನು ಸಾಕಿ ಬೆಳೆಗಾರರಿಗೆ ಹಂಚಿತು. ರಾಸಾಯನಿಕ ವಿಷಗಳು ಬಂದ ಮೇಲೆ ಮೂಲೆಗೆ ಬಿದ್ದ ಆ ಕಣಜ 1970ರ ದಶಕದಲ್ಲಿ ಮರಳಿ ಬಳಕೆಗೆ ಬಂದಿತು. ಆ ಬೆಳೆಗಾರ ವಿಚಾರಿಸಿದ ಮರುವರ್ಷವೇ, 1927ರಲ್ಲಿ, ಫಾರ್ನಮ್ ರಾಯಲ್ ಎಂಬಲ್ಲಿ ಸಾಮ್ರಾಜ್ಯದ ಬೇರೆ ಬೇರೆ ದೇಶಗಳಿಗೆ ಉಪಕಾರಿ ಕೀಟಗಳನ್ನು ಕಳುಹಿಸುವ ಪ್ರಯೋಗಾಲಯ ಸ್ಥಾಪಿತವಾಗಿ, ಪೈನ್ ಮರವನ್ನು ಕೊರೆದು ಒಳಗಿನ ಹುಳುವನ್ನು ಮುಟ್ಟುವ ರಿಸ್ಸ ಎಂಬ ಉದ್ದ ಬಾಲದ ಕಣಜ ನ್ಯೂಜಿಲೆಂಡಿಗೆ ಹಡಗು ಹತ್ತಿತು. ಆ ಪ್ರಯೋಗಾಲಯದ ಪರಂಪರೆಯಿಂದ ಬೆಳೆದ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆ 1957ರಲ್ಲಿ ತನ್ನ ಭಾರತೀಯ ಕೇಂದ್ರವನ್ನು ತೆರೆದದ್ದು ನಮ್ಮ ಬೆಂಗಳೂರಿನಲ್ಲಿ.

ಆದರೂ ಈ ವಿದ್ಯೆಗೆ ಉತ್ತರಾಧಿಕಾರಿಗಳು ಕಡಮೆಯಾಗುತ್ತಿದ್ದಾರೆ. ಬಲೆಗಳು ಹೆಚ್ಚಿವೆ, ಛಾಯಾಚಿತ್ರಗಳು ಹೆಚ್ಚಿವೆ, ವಂಶವಾಹಿಯನ್ನು ಓದಿ ಹೆಸರು ಹೇಳುವ ಯಂತ್ರಗಳೂ ಬಂದಿವೆ. ಆ ಯಂತ್ರಕ್ಕೆ ಮೊದಲು ಹೆಸರನ್ನು ಕಲಿಸಬೇಕಾದವರು, ಸೂಕ್ಷ್ಮದರ್ಶಕದ ಮುಂದೆ ಆಯುಷ್ಯವನ್ನು ಸವೆಸಿದ ಬೆರಳೆಣಿಕೆಯ ಮಂದಿ, ನಿವೃತ್ತರಾಗುತ್ತಿದ್ದಾರೆ. ಓವೆನ್ ಅವರು ಮೂವತ್ತು ವರ್ಷಗಳ ಲೆಕ್ಕವನ್ನು 2010ರಲ್ಲಿ ಗ್ರಂಥವಾಗಿ ಪ್ರಕಟಿಸಿದರು, ಈಗ ಅವರಿಲ್ಲ. ಆ ಗ್ರಂಥದಲ್ಲಿ ಇಕ್ನ್ಯೂಮನ್‌ಗಳಿಗೆ ಸಂಬಂಧಿಸಿದ ಸಂಪೂರ್ಣ ಗಣನೆ ಇಂದಿಗೂ ಮೊದಲ ಮೂರು ವರ್ಷಗಳದೇ. ಉಳಿದ ವರ್ಷಗಳ ಅಷ್ಟು ಕಣಜಗಳನ್ನು ಗುರುತಿಸಿಕೊಡಲು ಯಾರಿಗೆ ಬಿಡುವು?

ನಮ್ಮಲ್ಲಿಯೂ ಈಗೀಗ ನಿಂಬೆಗಿಡದ, ಕರಿಬೇವಿನ ಕಂಬಳಿಹುಳುಗಳನ್ನು ಡಬ್ಬಿಯಲ್ಲಿಟ್ಟು ಚಿಟ್ಟೆಯಾಗುವುದನ್ನು ಮಕ್ಕಳಿಗೆ ತೋರಿಸುವ ತಾಯ್ತಂದೆಗಳೂ ಉಪಾಧ್ಯಾಯರೂ ಇದ್ದಾರೆ. ಅಂಥವರಲ್ಲಿ ನನ್ನದೊಂದು ವಿಜ್ಞಾಪನೆ: ಚಿಟ್ಟೆಯ ಬದಲು ಕಣಜವೊಂದು ಹೊರಬಂದರೆ ಕೆಟ್ಟಿತೆಂದು ಕಿಟಕಿಯಿಂದಾಚೆಗೆ ಕೊಡವಬೇಡಿ. ಅದನ್ನೂ ಅದು ಬಿಟ್ಟ ಗೂಡನ್ನೂ ಒಂದು ಸಣ್ಣ ಸೀಸೆಯಲ್ಲಿರಿಸಿ, ಯಾವ ಊರು, ಯಾವ ತಾರೀಖು, ಯಾವ ಗಿಡ, ಯಾವ ಹುಳು ಎಂದು ಸೀಸದಕಡ್ಡಿಯಿಂದ ಬರೆದ ಚೀಟಿಯನ್ನು ಒಳಗೇ ಹಾಕಿ, ಹತ್ತಿರದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೆ ತಲುಪಿಸಿ.