ಮೀನು ಸಣ್ಣದು, ಫೈಲು ದೊಡ್ಡದು

ಭಾನುವಾರ ಮಲ್ಪೆಯ ಕಲ್ಲುದಂಡೆಯಲ್ಲಿ ಗಾಳ ಹಾಕಿ ಕೂತರೆ ನಾಲ್ಕು ಗಂಟೆಯಲ್ಲಿ ಒಂದು ಕೆಂಬೇರಿ ಮೀನು ಸಿಕ್ಕರೆ ಪುಣ್ಯ. ತಲೆಗೆ ಕಟ್ಟಿದ ಕ್ಯಾಮೆರಾಕ್ಕೆ ಅದರ ಗೊಡವೆಯಿಲ್ಲ. ಸೆಕೆಂಡಿಗೆ 60 ಮೆಗಾಬಿಟ್ ಲೆಕ್ಕದಲ್ಲಿ 4ಕೆ ವಿಡಿಯೊ ಗಂಟೆಗೆ 27 ಜಿಬಿ ನುಂಗುತ್ತದೆ. ಅಷ್ಟೂ ಬರೀ ನೀರು!

ನನ್ನ 8 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪಿನಲ್ಲಿ ಆ ವಿಡಿಯೊ ಹಾಕಿದೆ. ಮೀನು ಮೇಲೆ ಹಾರಿತು, ಅಲ್ಲೇ ಗಾಳಿಯಲ್ಲಿ ನಿಂತುಬಿಟ್ಟಿತು. ಕಾರಣ ಆಮೇಲೆ ತಿಳಿಯಿತು. ಕ್ಯಾಮೆರಾ ಪ್ರತಿ ಚಿತ್ರವನ್ನೂ ಪೂರ್ತಿ ಬರೆದಿಡುವುದಿಲ್ಲ. ಅಕ್ಕಪಕ್ಕದ ಚಿತ್ರಕ್ಕಿಂತ ಏನು ಬದಲಾಯಿತೋ ಅಷ್ಟನ್ನೇ ಬರೆಯುತ್ತದೆ. ಅದನ್ನು ಮತ್ತೆ ಜೋಡಿಸುವ ಕಷ್ಟ ಕಂಪ್ಯೂಟರಿನದು. ಗೋಡೆಯಾದರೆ ಸುಲಭ, ಅಲೆ ಒಂದು ಕ್ಷಣವೂ ಸುಮ್ಮನಿರುವುದಿಲ್ಲವಲ್ಲ.

ಹೊಸದನ್ನು ಕೊಳ್ಳಲು ಹೋದಾಗ ಅಂಗಡಿಯವರು ಬಣ್ಣದ ದೀಪ ಮಿನುಗುವ ಗೇಮಿಂಗ್ ಲ್ಯಾಪ್‌ಟಾಪ್ ತೋರಿಸಿ, "ಇದೇ ಬೆಸ್ಟ್ ಸರ್" ಎಂದರು. ದೀಪ ನನಗೇಕೆ? ವಿಡಿಯೊ ಕುಗ್ಗಿಸಿಡುವ ಎಚ್.265 ವಿಧಾನವನ್ನು ಬಿಡಿಸುವ ವ್ಯವಸ್ಥೆ ಚಿಪ್‌ನಲ್ಲೇ ಇದೆಯೇ, ರ‍್ಯಾಮ್ 16 ಜಿಬಿ ಇದೆಯೇ, ಎಸ್‌ಎಸ್‌ಡಿ ಎಷ್ಟು ದೊಡ್ಡದು ಎಂದಷ್ಟೇ ಕೇಳಿದೆ.

ವಿಡಿಯೊ ಕತ್ತರಿಸುವ ಸಾಫ್ಟ್‌ವೇರಿಗೆ ಬಿಡಿಗಾಸು ಕೊಡಲಿಲ್ಲ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೇ ನನಗೆ ಧಾರಾಳ. ಮಧ್ಯಾಹ್ನದ ಬಿಸಿಲಿಗೆ ಬಿಳಿಚಿದ ಸಮುದ್ರಕ್ಕೆ ಅದರಲ್ಲಿ ಬಣ್ಣ ಮರಳಿ ಬರುತ್ತದೆ. ಆದರೆ ರಿಸಾಲ್ವ್‌ಗೆ ಒಳ್ಳೆಯ ಗ್ರಾಫಿಕ್ಸ್ ಬೇಕು. ಹಳೇ ಯಂತ್ರವಿದ್ದವರು ಶಾಟ್‌ಕಟ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡು 'ಪ್ರಾಕ್ಸಿ' ಆನ್ ಮಾಡಲಿ. ಕತ್ತರಿಸುವುದು ಹಗುರ ನಕಲಿನಲ್ಲಿ, ಕೊನೆಯ ವಿಡಿಯೊ ಮಾತ್ರ ಮೂಲದಿಂದ.

ದಂಡೆಯ ಗಾಳಿಯ ಬರ‍್ರೆನ್ನುವ ಸದ್ದಿಗೆ ಮಾತ್ರ ಯಾವ ಸಾಫ್ಟ್‌ವೇರೂ ಪೂರ್ತಿ ಮದ್ದಲ್ಲ. ಈಗ ಮೈಕಿನ ಮೇಲೆ ಸ್ಪಂಜಿನ ತುಂಡು ಕಟ್ಟಿಕೊಂಡೇ ಹೊರಡುತ್ತೇನೆ.